ಹಲೂ ನಕಾ

ಕಟ್ಟಿಸಿದ ಹಲ್ಲೇನಾದರೂ ಉಂಟೇ ಎಂದು ಎಂಆರ್‌ಐ ಸ್ಕ್ಯಾನಿನ ಕೌಂಟರಿನ ಹೆಂಗಸು ಕೇಳಿದಾಗ ರತ್ನಾವತಿ ಇಲ್ಲವೆಂದು ತಲೆಯಾಡಿಸಿದಳು. ಪಕ್ಕದಲ್ಲಿ ಮಗಳು ನಿಶ್ಮಿತಾ ನಿಂತಿದ್ದಳು. ಎದುರಿನ ಮೂರು ಹಲ್ಲು ಬೇಕೆಂದಾಗ ತೆಗೆದು ಮತ್ತೆ ಕೂರಿಸುವ ಕಟ್ಟಿಸಿದ ಹಲ್ಲು ಎನ್ನುವುದು ಗಂಡನಿಗೂ ಮಹಾಪೆಯ ದಂತವೈದ್ಯನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಕಿರಲಿಲ್ಲ.

ಭಾನುವಾರ ಡೊಂಬಿವಲಿಯಲ್ಲಿ ಹೆಂಗಸರ ತಾಳಮದ್ದಲೆ. ಆರು ವರ್ಷ ಸಣ್ಣಪುಟ್ಟ ಪಾತ್ರ ಮಾಡಿದವಳಿಗೆ ಈ ಸಲ ರಾಜನ ಪಾತ್ರ ಸಿಕ್ಕಿತ್ತು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಗೆಲ್ಲಬೇಕು. ಹಲ್ಲಿನ ವಿಷಯ ತಂಡದ ಲೋಲಾಕ್ಷಿಗೆ ಗೊತ್ತಾದರೆ ವೇದಿಕೆಯ ಮೇಲೇ ಅದನ್ನೆತ್ತಿ ಹಂಗಿಸಿಯಾಳು. ಆದರೆ ತಿಂಗಳಿನಿಂದ ತಲೆ ತಿರುಗುತ್ತಿತ್ತು. ಸ್ಕ್ಯಾನ್ ನೋಡದೆ ವೇದಿಕೆ ಹತ್ತಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇವತ್ತು ಶುಕ್ರವಾರ. ಇವತ್ತು ತಪ್ಪಿದರೆ ಇನ್ನು ಮಂಗಳವಾರವೇ.

ಕರಿಮಣಿ, ಬಳೆ, ಬಳೆಗೆ ಸಿಕ್ಕಿಸಿದ ಪಿನ್ನು, ಎಲ್ಲ ನಿಶ್ಮಿತಾಳ ಕರವಸ್ತ್ರ ಸೇರಿದವು. ಕಾಲುಂಗುರ ಬರಲು ಸಾಬೂನು ಬೇಕಾಯಿತು. ಹಸಿರು ಗೌನು ಹಾಕಿ ಮಲಗಿಸಿ, ಕಿವಿಗೆ ಹತ್ತಿ ತುರುಕಿ, ಮುಖದ ಮೇಲೆ ಪಂಜರದಂಥದ್ದನ್ನು ಇಳಿಸಿದರು. ನೋವೇನೂ ಇಲ್ಲ, ಸದ್ದು ಮಾತ್ರ ಜೋರು, ಇಪ್ಪತ್ತು ನಿಮಿಷ ಮಿಸುಕಬಾರದು, ತೀರಾ ಕಷ್ಟವಾದರೆ ಇದನ್ನು ಒತ್ತಿ ಎಂದು ಟೆಕ್ನಿಷಿಯನ್ ಒಂದು ರಬ್ಬರಿನ ಉಂಡೆಯನ್ನು ಅಂಗೈಗೆ ಕೊಟ್ಟ. ಹಲಗೆ ಸುರಂಗದೊಳಗೆ ಜಾರಿತು.

ಮೊದಲು ಟಕಟಕ. ಆಮೇಲೆ ಚೆಂಡೆಯೇ. ರತ್ನಾವತಿಗೆ ಹೆದರಿಕೆಯ ಬದಲು ಹುರುಪು ಬಂತು. ರಾಜ ಒಳಗೊಳಗೇ ಮಾತು ಶುರು ಮಾಡಿದ, ಎದುರಾಳಿಯನ್ನು ಒಂದೊಂದೇ ಪ್ರಶ್ನೆಯಿಂದ ಕಟ್ಟಿಹಾಕತೊಡಗಿದ. ಅವಳಿಗೇ ತಿಳಿಯದಂತೆ ದವಡೆ ಅಲ್ಲಾಡಿತು.

"ಕಾಕೂ, ಹಲೂ ನಕಾ," ಎಂದಿತು ಸ್ಪೀಕರು.

ಚಿಕ್ಕಮ್ಮಾ, ಅಲುಗಬೇಡಿ ಎಂದರ್ಥ. ಮೂವತ್ತು ವರ್ಷ ಕೋಪರಿಯ ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿದ ಕಿವಿ ಅದು. ಆದರೆ ಹತ್ತಿ ತುರುಕಿದ, ಹಲ್ಲಿನ ಗುಟ್ಟು ಬಯಲಾದೀತೆಂದು ಅಳುಕಿದ್ದ ಆ ಕಿವಿ ಆ ಹೊತ್ತಿಗೆ ಸೀದಾ ಊರಿಗೆ, ಉಡುಪಿಯ ಕನ್ನಡಕ್ಕೆ ಹೋಗಿಬಿಟ್ಟಿತ್ತು. ಹಲ್ಲು ನಕೋ! ಹಲ್ಲು ಬೇಡ! ಮೆಷಿನ್ನು ಹಲ್ಲನ್ನು ಹಿಡಿದುಬಿಟ್ಟಿದೆ. ಗಾಬರಿಯಲ್ಲಿ ನಾಲಿಗೆಯಿಂದ ಹಲ್ಲಿನ ಸೆಟ್ಟನ್ನು ನೂಕಿದಳು. ಅದು ಕಳಚಿ ಗಂಟಲ ಕಡೆಗೆ ವಾಲಿತು. ಎತ್ತಿದ ಕೈ ಪಂಜರಕ್ಕೆ ಬಡಿಯಿತು. ಉಂಡೆ ಒತ್ತಿದಳು.

ಚೆಂಡೆ ನಿಂತಿತು. ಟೆಕ್ನಿಷಿಯನ್ ಓಡಿ ಬಂದು ಹಲಗೆ ಎಳೆದು ಪಂಜರ ಎತ್ತಿದ, ಹಿಂದೆ ಬಾಗಿಲಲ್ಲಿ ನಿಶ್ಮಿತಾ. ರತ್ನಾವತಿ ಹಲ್ಲನ್ನು ಅಂಗೈಗೆ ಉಗುಳಿ, ಬೊಚ್ಚುಬಾಯಲ್ಲಿ ಕೇಳಿದಳು: "ಹಲ್ಲು ನಕೋ ಅಂದ್ರಲ್ಲ ನೀವು?"

ಅವನಿಗೆ ತಿಳಿಯಲಿಲ್ಲ. ನಿಶ್ಮಿತಾಗೆ ತಿಳಿಯಿತು, ಗೋಡೆಗೆ ಒರಗಿ ನಕ್ಕಳು. "ಮಮ್ಮೀ, ಹಿಲೋ ಮತ್ ಬೋಲಾ ಉಸ್ನೇ! ಅಲುಗಬೇಡಿ ಅಂತ!"

"ನಗಾಡ್ಬೇಡ ಮಾರಾಯ್ತಿ. ಇವತ್ತೇ ಆಗ್ತದಾ ಕೇಳು."

ಹಲ್ಲಿನ ತಂತಿಯಿಂದಾಗಿ ಬಾಯಿಯ ಕಡೆಯ ಚಿತ್ರವೆಲ್ಲ ಕಪ್ಪಾಗಿತ್ತು, ತಾನೇ ನಿಲ್ಲಿಸಿ ಕೇಳಬೇಕೆಂದಿದ್ದೆ ಎಂದ ಅವನು ಮುಖ ಗಂಟಿಕ್ಕಿ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಗಡಿಯಾರ ನೋಡಿದ, ಅವಳ ಬಾಯಿ ನೋಡಿದ, ಪಂಜರವನ್ನು ಮತ್ತೆ ಇಳಿಸಿದ.

ಈ ಸಲ ಅವಳು ಕಲ್ಲಾಗಿ ಮಲಗಿದಳು. ಚೆಂಡೆ ಎಷ್ಟು ಕುಣಿಸಿದರೂ ರಾಜ ತುಟಿ ಬಿಚ್ಚಲಿಲ್ಲ.

"ಝಾಲಂ, ಕಾಕೂ," ಎಂದು ಕೊನೆಗೆ ಅವನೇ ಬಂದು ಎಬ್ಬಿಸಿದ. ಮುಗಿಯಿತು. ರಿಪೋರ್ಟು ನಾಳೆ ಬೆಳಿಗ್ಗೆ.

ಹೊರಗೆ ನಿಶ್ಮಿತಾ ಕರವಸ್ತ್ರ ಬಿಚ್ಚಿ ಹಿಡಿದಳು. ರತ್ನಾವತಿ ಅದನ್ನು ಮುಟ್ಟದೆ ಮಗಳ ಬಗಲಿನ ಚೀಲದಿಂದ ತನ್ನ ಮೊಬೈಲು ತೆಗೆದಳು. ತಂಡದ ಗ್ರೂಪಿಗೆ ವಾಯ್ಸ್ ಕಳಿಸಲು ಗುಂಡಿ ಒತ್ತಿ ಹಿಡಿದಳು.

"ಲೋಲಾಕ್ಷಕ್ಕ, ನಾಳೆ ಡಾಕ್ಟ್ರು ಬೇಡ ಅನ್ನದಿದ್ರೆ ಭಾನುವಾರ ರಾಜ ನಾನೇ. ನನ್ನ ಎದುರಿನ ಮೂರು ಹಲ್ಲು ಕಟ್ಟಿಸಿದ್ದು, ಹಾಕಿಕೊಂಡೇ ಬರ್ತೇನೆ. ನಗುವುದಿದ್ರೆ ಈಗಲೇ ನಕ್ಕು ಮುಗಿಸಿ."

ಎದುರಿನ ಹಲ್ಲಿಲ್ಲದ ಸಂದಿಯಿಂದ ಅರ್ಧ ಅಕ್ಷರಗಳು ಬರೀ ಗಾಳಿಯಾಗಿ ಹೋದವು. ಬೆಂಚಿನ ಮೇಲೆ ಕಾಯುತ್ತಿದ್ದವರು ತಲೆಯೆತ್ತಿ ನೋಡಿದರು. ನಿಶ್ಮಿತಾ ಕರವಸ್ತ್ರವನ್ನು ಎರಡೂ ಅಂಗೈಯಲ್ಲಿ ಹಾಗೇ ಹಿಡಿದು ನಿಂತಿದ್ದಳು; ಅದರಲ್ಲಿ ಸಾಬೂನು ಅಂಟಿದ ಕಾಲುಂಗುರ, ಕರಿಮಣಿ, ನಡುವೆ ಮೂರು ಹಲ್ಲು.