ಹಿರಿಯರ ಹೆಸರಿನ ಫೈಲು

೧೯೯೭ರ ಆ ಬೆಳಿಗ್ಗೆ ಬಂಗಾರಪೇಟೆಯ ನಮ್ಮ ಹಾಲಿನ ಚಿಲ್ಲಿಂಗ್ ಸೆಂಟರಿನಲ್ಲಿ ಟ್ಯಾಂಕರ್ ತುಂಬಿ ನಿಂತಿತ್ತು, ಆದರೆ ಹೊರಡುವಂತಿರಲಿಲ್ಲ. ಹಾಲಿನ ಪರೀಕ್ಷೆಯ ಅಂಕಿಗಳಿದ್ದ ಫೈಲನ್ನು ತೆರೆಯಲು ಸರ್ವರ್ ಬಿಡುತ್ತಿರಲಿಲ್ಲ. ಆ ಅಂಕಿಗಳ ಚೀಟಿ ಇಲ್ಲದೆ ಬೆಂಗಳೂರಿನಲ್ಲಿ ಹಾಲು ಇಳಿಸಿಕೊಳ್ಳುವುದಿಲ್ಲ. ಬಿಸಿಲೇರಿದರೆ ಬೂದಿಕೋಟೆ ಕಡೆಯ ಅಷ್ಟೂ ಹಾಲು ಒಡೆದುಹೋಗುತ್ತದೆ.

"ಏನಕ್ಕಾ, ಮೊಸರಾದ ಮೇಲೆ ಕಳಿಸ್ತೀರಾ?" ಎಂದು ನನ್ನನ್ನು ಕೇಳಿದ ಚಾಲಕ ಬಚ್ಚಪ್ಪ.

ಆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಆದಿಲಕ್ಷ್ಮಿ ನನ್ನತ್ತ ತಿರುಗಿದಳು. "ನನ್ನ ಹೆಸರು ಹಾಕಿದ್ರೆ ಒಳಗೆ ಬಿಡ್ತೈತಕ್ಕ. ಫೈಲು ಮಾತ್ರ ಅನುಮತಿ ಇಲ್ಲ ಅಂತೈತೆ."

"ನಿನ್ನೆ ಯಾರ ಹೆಸರಲ್ಲಿ ತೆಗೆದಿದ್ದೆ?"

"ರಾಮಚಂದ್ರಪ್ಪನೋರ ಹೆಸರಲ್ಲಿ. ಎಲ್ಲಾರೂ ಅಂಗೇ ತಾನೆ ಮಾಡ್ತಿದ್ದಿದ್ದು?"

ನಮ್ಮ ಊರುಗಳಲ್ಲಿ ಅತ್ತೆ, ಸೊಸೆ, ಮೈದುನ ಎಲ್ಲರ ಹಸುವಿನ ಹಾಲೂ ಮನೆಯ ಹಿರಿಯರ ಹೆಸರಿನಲ್ಲೇ ಡೇರಿಗೆ ಬೀಳುತ್ತದೆ. ಅದೇ ರೂಢಿಯಲ್ಲಿ ಫೈಲುಗಳೆಲ್ಲ ಮೇಲ್ವಿಚಾರಕ ರಾಮಚಂದ್ರಪ್ಪನವರ ಹೆಸರಿನಲ್ಲಿದ್ದವು. ಹಿಂದಿನ ದಿನ ಅವರು ನಿವೃತ್ತರಾಗಿದ್ದರು, ಸಂಜೆಯೇ ಸರ್ವರಿನಿಂದ ಅವರ ಹೆಸರು ಹೋಗಿತ್ತು. ಫೈಲಿಗೆ ಈಗ ವಾರಸುದಾರರಿರಲಿಲ್ಲ.

ಅವರ ಜಾಗಕ್ಕೆ ಬಂದಿದ್ದ ನನಗೆ ಅದನ್ನು ಸರಿಪಡಿಸುವ ಅಧಿಕಾರವಿತ್ತು.

"ಎಲ್ಲಾರಿಗೂ ಬಿಟ್ಬಿಡಕ್ಕ, ಸುಲಭ" ಎಂದಳು ಆದಿಲಕ್ಷ್ಮಿ.

"ಬಿಟ್ರೆ ಯಾವನೋ ಬಂದು ಜಾಸ್ತಿ ದುಡ್ಡು ಬರ್ಲಿ ಅಂತ ತನ್ನ ಭಾವನ ಹಾಲಿಗೆ ಫ್ಯಾಟ್ ಅಂಕಿ ಏರಿಸಿ ಓಗ್ತಾನೆ. ಬೈಸ್ಕೊಳ್ಳೋಳು ನೀನು ಕಣೇ."

ಫೈಲಿನ ಒಡೆತನವನ್ನು ಅವಳ ಹೆಸರಿಗೆ ಬದಲಿಸಿದೆ. ಉಳಿದವರಿಗೆ ನೋಡುವುದಕ್ಕಷ್ಟೇ ಬಿಟ್ಟೆ. ಫೈಲು ತೆರೆಯಿತು. ಆದಿಲಕ್ಷ್ಮಿ ಚೀಟಿಯನ್ನು ಮುದ್ರಿಸಿ, ಕೆಳಗೆ ತನ್ನ ಸಹಿ ಹಾಕಿ ಬಚ್ಚಪ್ಪನಿಗೆ ಕೊಟ್ಟಳು. ಬಿಸಿಲು ಏರುವ ಮೊದಲೇ ಟ್ಯಾಂಕರ್ ರೈಲ್ವೆ ಗೇಟು ದಾಟಿತು.