ಹೆಸರಿಗೊಂದು ಹೊಲ

"ಆ ಬೇವಿನ ಗಿಡದಿಂದ ಹಿಡಿದು ನಾಲಾ ತನಕ, ಅಷ್ಟೂ ನಿಂದು" ಎಂದು ಮಹಾರುದ್ರಪ್ಪ ಕೈ ಚಾಚಿದಾಗ ವೈಜನಾಥನಿಗೆ ಮೊದಲು ಕಂಡದ್ದು ಹೊಲವಲ್ಲ, ಅಕ್ಕನ ಗಂಡನ ಬೆರಳಿನ ದಪ್ಪ ಉಂಗುರ. ಉಂಗುರದಾಚೆ ಬಿಳಿಜೋಳ ಆಳೆತ್ತರ ನಿಂತಿತ್ತು. ತೆನೆಗಳಿಗೆ ಆಗತಾನೆ ಹಾಲು ತುಂಬಿತ್ತು.

"ಬೆಳಿ ಯಾರದು ಮಾಮಾ?"

"ಹೊಲ ನಂದು ಅಂದಮ್ಯಾಲ ಬೆಳಿ ಯಾರದಿರತದ?"

ಮಹಾರುದ್ರಪ್ಪ ತನ್ನ ಜಾವಾ ಗಾಡಿಯನ್ನು ಬದುವಿನ ಪಕ್ಕ ನಿಲ್ಲಿಸಿ ಧೋತರ ಕೊಡವಿಕೊಂಡ. ವೈಜನಾಥ ಮತ್ತೆ ಕೇಳಲಿಲ್ಲ. ಬಗ್ಗಿ ಒಂದು ಹೆಂಟೆ ಎತ್ತಿ ಒಡೆದ. ಕರಿ ಎರೆಮಣ್ಣು, ಒಳಗೆ ಇನ್ನೂ ತಂಪು. ಇಂಥ ಮಣ್ಣಿನ ಬಗ್ಗೆ ಅವನು ಧಾರವಾಡದ ಕೃಷಿ ಕಾಲೇಜಿನಲ್ಲಿ ಪುಟಗಟ್ಟಲೆ ಬರೆದು ಪಾಸಾಗಿದ್ದ. ತನ್ನದೆಂದುಕೊಂಡು ಮುಟ್ಟಿದ್ದು ಇದೇ ಮೊದಲು. ಮುಟ್ಟಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಅವನ ತಂದೆ ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಮುನೀಮನಾಗಿದ್ದು, ಜೀವಮಾನವಿಡೀ ಮಂದಿಯ ತೊಗರಿ ತೂಗಿಸಿ ಸತ್ತವನು. ಮನೆತನಕ್ಕೆ ಗೇಣು ನೆಲವಿರಲಿಲ್ಲ. ಮಗ ಮಾತ್ರ ಕೃಷಿ ಓದಿ, ಕೃಷಿ ಇಲಾಖೆ ಸೇರಿ, ಹಳ್ಳಿ ಹಳ್ಳಿ ತಿರುಗಿ ಒಕ್ಕಲಿಗರಿಗೆ ಬಿತ್ತುವುದನ್ನು ಹೇಳಿಕೊಡುತ್ತಿದ್ದ. ಒಮ್ಮೆ ಮಂಠಾಳದ ಚಾವಡಿಯಲ್ಲಿ ಭಾಷಣ ಮುಗಿಸಿದಾಗ ಹಿಂದಿನಿಂದ ಯಾರೋ, "ಸಾಹೇಬ್ರ, ನಿಮ್ಮ ಹೊಲ ಎಲ್ಲದರಿ?" ಎಂದು ಕೇಳಿದ್ದರು. ಮಂದಿ ನಕ್ಕರು. ವೈಜನಾಥನೂ ನಕ್ಕ. ಮಂದಿಯ ನಗು ಅಲ್ಲಿಗೇ ನಿಂತಿತು. ಅವನದು ಮನೆಯ ತನಕ ಬಂತು, ರಾತ್ರಿ ಪಕ್ಕದಲ್ಲೇ ಮಲಗಿತು.

ಅಂದಿನಿಂದ ಹೊಲ ಹುಡುಕತೊಡಗಿದ. ಮಂಠಾಳದಲ್ಲಿ ಅವನ ಪ್ಯಾಂಟು ನೋಡಿದ ಕೂಡಲೇ ದರ ಏರಿತು. ಹುಮನಾಬಾದಿನ ಹೆದ್ದಾರಿ ಬದಿಯ ನೆಲಕ್ಕೆ ಗ್ಯಾರೇಜು ಹಾಕುವವರು ಆಗಲೇ ಸಾಲುಗಟ್ಟಿದ್ದರು. ಕಲ್ಯಾಣದ ಆಚೆ ಒಬ್ಬ ಅಗ್ಗಕ್ಕೆ ಕೊಡುತ್ತೇನೆಂದು ಕರೆದೊಯ್ದು ಬೋಳು ಗುಡ್ಡ ತೋರಿಸಿದ. "ಕಲ್ಲು ಆರಿಸಿ ತಗದ್ರ ಕೆಳಗ ಮಣ್ಣು ಅದರಿ" ಎಂದ. ಅಗ್ಗದ್ದೆಲ್ಲ ಕಲ್ಲು, ಮಣ್ಣಿದ್ದದ್ದೆಲ್ಲ ತುಟ್ಟಿ. ವೈಜನಾಥ ಬಸ್ಸು ಹತ್ತುತ್ತಿದ್ದ, ಇಳಿಯುತ್ತಿದ್ದ.

ದೀಪಾವಳಿಗೆ ಮುಡಬಿಯಲ್ಲಿ ಅಕ್ಕ ಸೂಗಮ್ಮನ ಮನೆಗೆ ಹೋದಾಗ ಅವಳೇ ಮಾತು ತೆಗೆದಳು.

"ಊರೂರು ಯಾಕ ತಿರಗಾಕತ್ತಿ ವೈಜ್ಯಾ? ನಿಮ್ಮ ಮಾಮಾ ಕೊಡತಾರಂತ. ಈಗೇನೂ ಕೊಡೂದು ಬ್ಯಾಡ. ಬೆಳಿ ಬಂದಂಗ ಕೊಡಿಯಂತ."

ಒಂದೇ ಶರತ್ತು. ಒಕ್ಕಲುತನ ಮಾಡದವನು ಹೊಲ ಕೊಳ್ಳಲು ಸರಕಾರದ ಪರವಾನಗಿ ಬೇಕು. ಸಂಬಳದವನಿಗೆ ಅದು ಸಿಗುವುದು ಕಠಿಣ. ಕೃಷಿ ಓದಿದವನೊಬ್ಬ ಒಕ್ಕಲುತನಕ್ಕಾಗಿ ನೌಕರಿಯನ್ನೇ ಬಿಟ್ಟು ಬಂದು ಕೇಳಿದರೆ ಯಾರೂ ಇಲ್ಲವೆನ್ನಲಾರರು. ಇದನ್ನೆಲ್ಲ ಮಹಾರುದ್ರಪ್ಪ ವಕೀಲನಿಂದ ತಿಳಿದುಕೊಂಡು ಬಂದಿದ್ದ. ವೈಜನಾಥ ರಾಜೀನಾಮೆ ಕೊಟ್ಟ. ಕಚೇರಿಯಲ್ಲಿ ಅವನಿಗೊಂದು ಹಾರ ಹಾಕಿ, ಚಹಾ ಕುಡಿಸಿ, ಸಂಜೆಯೊಳಗೆ ಅವನ ಕುರ್ಚಿಯನ್ನು ಬೇರೊಬ್ಬನಿಗೆ ಕೊಟ್ಟರು.

ಉಳುವವನಿಗೇ ಹೊಲ ಎಂಬ ಕಾನೂನು ಬರಲಿದೆಯೆಂದು ಆಗ, ಎಪ್ಪತ್ಮೂರು ಮುಗಿದು ಎಪ್ಪತ್ನಾಲ್ಕು ಹುಟ್ಟುವ ಹೊತ್ತಿಗೆ, ಪತ್ರಿಕೆಗಳು ಬರೆಯುತ್ತಲೇ ಇದ್ದವು. ವೈಜನಾಥನೂ ಓದಿದ್ದ. ಪತ್ರಿಕೆಯ ಸುದ್ದಿ ತನ್ನ ಅಕ್ಕನ ಮನೆಯ ಪಡಸಾಲೆಯ ತನಕ ನಡೆದು ಬರಬಹುದೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಈಗ ಬದುವಿನ ಮೇಲೆ ಅವರಿಬ್ಬರೂ ನಿಂತಿರುವಾಗಲೇ ಜೋಳದ ಸಾಲು ಸರಿಸಿಕೊಂಡು ಒಬ್ಬ ಹೆಂಗಸು ಹೊರಬಂದಳು. ಐವತ್ತರ ಆಸುಪಾಸು, ಬೋಳು ಹಣೆ, ತಲೆ ತುಂಬ ಸೆರಗು.

"ಕೇಶರಬಾಯಿ, ಸಾಹೇಬ್ರು ಬಂದಾರ ನೋಡು" ಎಂದ ಮಹಾರುದ್ರಪ್ಪ. "ಜಮೀನಿನ ಆಫೀಸಿನವರು."

ವೈಜನಾಥ ಅವನತ್ತ ನೋಡಿದ. ಮಹಾರುದ್ರಪ್ಪ ತೆನೆಯೊಂದನ್ನು ಕಿತ್ತು ಉಗುರಿನಿಂದ ಕಾಳು ಒತ್ತುತ್ತಿದ್ದ.

"ಹೊಲಾ ಯಾರು ಮಾಡತಾರ ಅಂತ ಬರಕೊಂಡು ಹೋಗವರೇನ್ರಿ?" ಕೇಶರಬಾಯಿಯ ದನಿ ಸಣ್ಣಗಾಯಿತು. "ಬರತಾರ ಬರತಾರ ಅಂತ ಮಂದಿ ಅನ್ನಾಕತ್ತಿದ್ರು. ಖರೇನೇ ಬಂದ್ರಲ್ಲ."

"ಮಾಮಾ…" ಎಂದ ವೈಜನಾಥ ಮೆಲ್ಲಗೆ.

"ಬಿಸಲಾಗ ಬಂದಾರ, ಮೊದಲು ಬಾಯಿಗೇನರ ಕೊಡು" ಎಂದ ಮಹಾರುದ್ರಪ್ಪ ಗಟ್ಟಿಯಾಗಿ.

ಅವಳು ಬೇವಿನ ನೆರಳಿನ ದಂಟಿನ ಗುಡಿಸಲ ಮುಂದಕ್ಕೆ ಓಡಿದಳು. ಅಲ್ಲಿ ಎಳ್ಳ ಅಮಾವಾಸ್ಯೆಗೆ ಪೂಜೆ ಮಾಡಿದ ಐದು ಕಲ್ಲುಗಳ ಸುಣ್ಣ ಇನ್ನೂ ಬೆಳ್ಳಗಿತ್ತು. ಕುಳ್ಳು ಹೊತ್ತಿಸಿ, ಎಳೆ ತೆನೆ ಸುಟ್ಟು, ಬಿಸಿಬಿಸಿಯಾಗಿಯೇ ಅಂಗೈಯಲ್ಲಿ ತಿಕ್ಕಿ, ಊದಿ, ಸೀತನಿಯನ್ನು ಮುತ್ತಲದ ಎಲೆಯಲ್ಲಿ ಅವನ ಮುಂದಿಟ್ಟಳು. ಮೇಲೊಂದು ಬೆಲ್ಲದ ಹರಳು.

"ತಿನ್ರಿ. ನಿಮ್ಮ ಕೈಯಾಗ ನಮ್ಮ ಅನ್ನ ಅದ."

ಅವನು ತಿಂದ. ಕಾಳು ಬಾಯಲ್ಲಿ ಒಡೆದು ಹಾಲಾಗುತ್ತಿತ್ತು. ಅವಳು ನಿಂತೇ ಹೇಳುತ್ತಿದ್ದಳು. ಅಲ್ಲಿ ಕಾಣುವ ಬಾವಿಯನ್ನು ನಿಜಾಮರ ಕಾಲದಲ್ಲಿ ಅವಳ ಮಾವ ತೋಡಿದ್ದು. ಗಂಡ ಇದೇ ಬದುವಿನ ಮೇಲೆ ಹಾವು ಕಚ್ಚಿ ಹೋದದ್ದು. ಈಗ ಅವಳು ಮತ್ತು ಸೊಸೆ. ಅರ್ಧ ಮಾಲಕರಿಗೆ, ಅರ್ಧ ತಮಗೆ. ಒಂದು ಸುಗ್ಗಿಯೂ ತಪ್ಪಿಸಿಲ್ಲ. ಹೇಳುತ್ತ ಹೇಳುತ್ತ ಅವಳು ಮಾಲಕನತ್ತ ನೋಡುತ್ತಿದ್ದಳು, ತಪ್ಪೇನಾದರೂ ಹೇಳಿದೆನೇ ಎಂಬಂತೆ. ಮಹಾರುದ್ರಪ್ಪ ಹೌದು ಹೌದೆಂದು ತಲೆಯಾಡಿಸುತ್ತಿದ್ದ. ಅವನು ಇಷ್ಟು ಒಪ್ಪುವುದನ್ನು ವೈಜನಾಥ ಹಿಂದೆಂದೂ ಕಂಡಿರಲಿಲ್ಲ.

"ಎಲ್ಲಾ ಖರೇನ ಅದ" ಎಂದ ಮಹಾರುದ್ರಪ್ಪ. "ಆದ್ರ ಬೆಳಿ ನಿಂತಿದ್ರ ಅಳತಿ ಆಗೂದಿಲ್ಲ ಕೇಶರಬಾಯಿ. ಹುಣ್ಣಿಮಿ ಒಳಗ ಹೊಲ ಖಾಲಿ ಮಾಡಬೇಕು. ಆ ಗಿಡದ ಕೆಳಗಿನ ಕೊಂಪಿ ತಗದು ಎತ್ತು, ಸಾಮಾನು ಎಲ್ಲಾ ಮನಿಗಿ ಒಯ್ಯಬೇಕು. ಆಮ್ಯಾಲ ಸಾಹೇಬ್ರು ಬಂದು ಅಳದು ಬರೀತಾರ."

ಕೇಶರಬಾಯಿ ಮಾಲಕನ ಮಾತಿಗೆ ತಲೆಯಾಡಿಸಲಿಲ್ಲ. ವೈಜನಾಥನ ಎದುರು ಬಂದು ಕುಕ್ಕರಗಾಲಲ್ಲಿ ಕೂತಳು.

"ಹೌದೇನ್ರಿ ಸಾಹೇಬ್ರ? ಖಾಲಿ ಮಾಡಿದ್ರ ನನ್ನ ಹೆಸರಿಗಿ ಬರೀತೀರೇನ್ರಿ? ನೀವು ಹೂಂ ಅಂದ್ರ ಸಾಕು. ಮತ್ಯಾರನ್ನೂ ಕೇಳೂದಿಲ್ಲ ನಾ."

ಆಗ ವೈಜನಾಥನಿಗೆ ಎಲ್ಲ ತಿಳಿಯಿತು. ತಿಳಿದದ್ದು ತಡವಾಗಿಯೇನೂ ಅಲ್ಲ. ಬಾಯಿ ತುಂಬ ಸೀತನಿ ಇತ್ತು; ನುಂಗಿ ಇಲ್ಲವೆನ್ನಲು ಬೇಕಾದಷ್ಟು ಸಮಯವಿತ್ತು. ಅವನ ಕಣ್ಣು ಅವಳ ಭುಜದ ಮೇಲಿಂದ ಹಾದು, ಬೇವಿನ ಗಿಡದಿಂದ ನಾಲಾ ತನಕ ಹೋಗಿ ಬಂತು.

"ಹೂಂ" ಎಂದ.

ಕೇಶರಬಾಯಿ ಎದ್ದು ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೋ ನಗುತ್ತಾಳೋ ನೋಡಲು ಅವನು ಕಾಯಲಿಲ್ಲ.

ಮಧ್ಯಾಹ್ನ ಮುಡಬಿಯ ಮನೆಯಲ್ಲಿ ಸೂಗಮ್ಮ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಇಬ್ಬರಿಗೂ ತಾಟು ಇಟ್ಟಳು. ಗೋಡೆಗೆ ಅವಳ ಮಾವನ ಫೋಟೋ ಇತ್ತು. ಆ ಸತ್ತ ಮನುಷ್ಯನ ಹೆಸರಲ್ಲಿ ಇನ್ನೂ ಒಂದು ಹೊಲವಿತ್ತು, ಹಾಸಿಗೆ ಹಿಡಿದ ಅತ್ತೆಯ ಹೆಸರಲ್ಲಿ ಒಂದು, ಸೂಗಮ್ಮನ ಹೆಸರಲ್ಲಿ ಒಂದು. ಮಹಾರುದ್ರಪ್ಪ ತನ್ನ ಎತ್ತುಗಳ ಹೆಸರಿಗೆ ಮಾತ್ರ ಬರೆದಿರಲಿಲ್ಲ.

"ಆಕಿ ಪಾಲಿಗಿ ಮಾಡಾಕತ್ತಾಳಂತ ನೀವು ಹೇಳಿರಲಿಲ್ಲ ಮಾಮಾ."

"ನೀ ಕೇಳಿರಲಿಲ್ಲ."

"ನಾಳಿ ಆಕಿಗಿ ಗೊತ್ತಾಗತದ."

"ನಾಳಿ ಗೊತ್ತಾದ್ರ ಆಗಲಿ. ಖಾಲಿ ಹೊಲದಾಗ ನಿಂತು ನಂದು ಅಂದ್ರ ಯಾರು ಕೇಳತಾರ?" ಮಹಾರುದ್ರಪ್ಪ ಮೊಸರು ಕಲಸಿಕೊಂಡ. "ಪರವಾನಗಿ ಬಂತಂದ್ರ ನಿನ್ನ ಹೆಸರಿಗಿ ಬಿದ್ದುಬಿಡತದ. ಎರಡು ಮೂರು ವರ್ಷ ಇರಲಿ. ಈ ಕಾನೂನಿನ ಗದ್ದಲ ತಣ್ಣಗಾದ ಮ್ಯಾಲ ನೀ ನನ್ನ ಹೆಸರಿಗಿ ಬರದು ಕೊಟ್ರ ಆತು."

ವೈಜನಾಥ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಒಕ್ಕಲುತನ?"

"ನಮ್ಮ ಆಳು ಮಾಡತಾರಲ್ಲ."

"ಮತ್ತ ನಾ?"

"ನೀ ಓದಿದಾಂವ. ನಿನಗ್ಯಾಕ ಈ ಮಣ್ಣಿನ ಉಸಾಬರಿ? ಕಲ್ಯಾಣದಾಗ ಒಂದು ಗೊಬ್ಬರದ ದುಕಾನ ಹಾಕಿ ಕೊಡತೀನಿ, ಕೂಡು." ಅವನ ದನಿಯಲ್ಲಿ ಮೋಸವಿರಲಿಲ್ಲ. ಉಪಕಾರ ಮಾಡುವವನ ಸಹಜ ಬೇಸರವಿತ್ತು. "ಮನಿ ಮನುಷ್ಯಾ ಅಂತ ನಿನ್ನ ಹೆಸರು ಆರಿಸೀನಿ. ಹೊರಗಿನವರನ್ನ ನಂಬಾಕ ಬರತದೇನು?"

ವೈಜನಾಥ ಅಕ್ಕನತ್ತ ತಿರುಗಿದ. ಚಿಕ್ಕಂದಿನಲ್ಲಿ ಅಡತಿಯ ಚೀಲಗಳ ಸಂದಿಯಲ್ಲಿ ಬಿದ್ದ ಕಾಳು ಆರಿಸಿ, ಹುಮನಾಬಾದಿನ ಮನೆಯ ಹಿತ್ತಲಲ್ಲಿ ಇಬ್ಬರೂ ಸೇರಿ ಊರುತ್ತಿದ್ದರು. ಮೊಳಕೆ ಬಂದರೆ ಇದು ನಿಂದು, ಇದು ನಂದು ಎಂದು ಹಂಚಿಕೊಳ್ಳುತ್ತಿದ್ದರು.

"ನಿನಗ ಮೊದಲೇ ಗೊತ್ತಿತ್ತೇನು ಅಕ್ಕಾ?"

ಸೂಗಮ್ಮ ರೊಟ್ಟಿಯ ಬುಟ್ಟಿಯೊಳಗೆ ನೋಡಿದಳು.

"ಇನ್ನೊಂದು ಹಾಕ್ಲೇನು? ಬಿಸಿ ಅದ."

"ಗೊತ್ತಿತ್ತೇನು?"

"ಪಲ್ಯ ಹಚ್ಚಗೊಂಡು ಉಣ್ಣು. ಬರೇ ರೊಟ್ಟಿ ತಿನ್ನಾಕತ್ತಿ" ಎಂದಳು ಸೂಗಮ್ಮ. ರೊಟ್ಟಿ ಅವನ ತಾಟಿಗೆ ಬಿತ್ತು. ಅವನು ಅದನ್ನೂ ತಿಂದ.

ಕಲ್ಯಾಣದ ಬಸ್ಸಿಗೆ ಹೋಗುತ್ತೇನೆಂದು ಹೇಳಿ ಹೊರಬಿದ್ದವನು ಬಸ್ಸು ನಿಲ್ಲುವ ಜಾಗ ದಾಟಿ ನಡೆದ. ಕೇಶರಬಾಯಿಗೆ ಹೇಳಬೇಕು. ಎರಡು ಮಾತು ಸಾಕು: ನಾನು ಆಫೀಸಿನವನಲ್ಲ, ಹೊಲ ಬಿಡಬೇಡ. ದಾರಿಯುದ್ದಕ್ಕೂ ಅವುಗಳನ್ನೇ ಹೊರಳಿಸಿದ. ಇಷ್ಟು ವರ್ಷ ಮಂದಿಗೆ ಏನೇನೋ ಹೇಳಿ ಬಂದ ಬಾಯಿಗೆ ಈ ಎರಡು ಮಾತು ಭಾರವಾಗುವುದು ವಿಚಿತ್ರವೆನಿಸಿತು.

ಹೊಲದ ಅಂಚಿಗೆ ಬಂದಾಗ ಅವನ ಕಾಲು ನಿಂತಿತು. ಬೇವಿನ ಕಡೆಯಿಂದ ಜೋಳ ಅಡ್ಡಬಿದ್ದಿತ್ತು. ಕೇಶರಬಾಯಿ, ಸೊಸೆ, ಇನ್ನಿಬ್ಬರು ಹೆಂಗಸರು ಬಗ್ಗಿ ಕುಡುಗೋಲು ಆಡಿಸುತ್ತಿದ್ದರು. ಹಾಲುಗಾಳಿನ ಹಸಿ ತೆನೆಗಳು ದಂಟಿನ ಸಮೇತ ಸಾಲಾಗಿ ಮಲಗಿದ್ದವು. ಗಾಳಿಯಲ್ಲಿ ಹಸಿ ದಂಟಿನ ಸಿಹಿ ವಾಸನೆಯಿತ್ತು.

"ಕಾಳಿನ್ನೂ ಬಲಿತಿಲ್ಲ" ಎಂದ. ಆಡಬೇಕೆಂದುಕೊಂಡು ಬಂದ ಮಾತು ಇದಾಗಿರಲಿಲ್ಲ.

ಕೇಶರಬಾಯಿ ಸೊಂಟ ನೆಟ್ಟಗೆ ಮಾಡಿ ನಕ್ಕಳು. "ದನಕ್ಕ ಆಗತದ ಬಿಡ್ರಿ. ಹುಣ್ಣಿಮಿ ತನಕ ಯಾಕ ಕಾಯಬೇಕು? ನಿಮ್ಮ ಮನಸು ತಿರಗಿದ್ರ ಏನ್ ಮಾಡಲಿ? ಒಂದು ವರ್ಷದ ಕಾಳು ಹೋದ್ರ ಹೋಗಲಿ, ಹೊಲ ನಮ್ಮದಾಗತದ."

"ನಾ ಸಾಹೇಬ ಅಲ್ಲವ್ವಾ."

"ದೊಡ್ಡವರೆಲ್ಲಾ ಹಿಂಗೇ ಅಂತಾರ" ಎಂದಳು ಅವಳು ಸೊಸೆಯತ್ತ ತಿರುಗಿ, ಹೆಮ್ಮೆಯಿಂದ.

ಅವಳನ್ನು ನಂಬಿಸಲು ಇನ್ನೊಂದು ಮಾತು ಉಳಿದಿತ್ತು: ನಾನು ಮಾಲಕನ ಹೆಂಡತಿಯ ತಮ್ಮ. ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಅವನೊಳಗೆ ಬೇರೊಂದು ಮಾತು ಮೆಲ್ಲಗೆ ತಲೆಯೆತ್ತಿತು. ಹೊಲ ಖಾಲಿಯಾಗಲಿ. ತನ್ನ ಹೆಸರಿಗೆ ಬೀಳಲಿ. ಆಮೇಲೆ ಮಹಾರುದ್ರಪ್ಪ ಬಂದು ಬರೆದು ಕೊಡು ಎಂದಾಗ ಇಲ್ಲವೆಂದರೆ? ಯಾರೂ ಏನೂ ಮಾಡುವಂತಿಲ್ಲ. ಬೇವಿನಿಂದ ನಾಲಾ ತನಕ ನಿಜವಾಗಿಯೇ ತನ್ನದು. ಈ ಲೆಕ್ಕದಲ್ಲಿ ಕೇಶರಬಾಯಿ ಎಲ್ಲಿಯೂ ಇರಲಿಲ್ಲ. ಅವಳಿಲ್ಲದಿರುವುದನ್ನು ಅವನು ಗಮನಿಸಿದ. ಗಮನಿಸಿಯೂ ಲೆಕ್ಕ ಹಾಗೇ ಮುಂದುವರಿಯಿತು.

"ಸಾಹೇಬ್ರ, ಬಂದದ್ದು ಛಲೋ ಆತು." ಕೇಶರಬಾಯಿ ಬಾವಿಯ ಕಡೆಯಿಂದ ನೀರು ಸೇದುವ ಉದ್ದನೆಯ ಹಗ್ಗವನ್ನು ಎಳೆದು ತಂದಿದ್ದಳು. "ನಿಮ್ಮ ಅಳತಿ ನೀವು ಮಾಡ್ರಿ. ನನ್ನ ಹೊಲ ಎಷ್ಟದ ಅಂತ ನಾನೂ ಒಮ್ಮಿ ನೋಡಬೇಕು. ಈ ತುದಿ ಹಿಡಕೊಂಡು ಇಲ್ಲೇ ನಿಂದರ್ರಿ. ಬಿಡಬ್ಯಾಡ್ರಿ ಮತ್ತ."

ಹಸಿಯಾಗಿದ್ದ ತುದಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿ ಹಗ್ಗವನ್ನು ಹಿಡಿಸಿದಳು. ಮತ್ತೊಂದು ತುದಿ ಹಿಡಿದು, ಕೊಯ್ದು ಕೆಡವಿದ ಜೋಳವನ್ನು ತುಳಿಯದಂತೆ ಕಾಲೆತ್ತಿ ಕಾಲೆತ್ತಿ ನಾಲಾದ ಕಡೆಗೆ ನಡೆದಳು. ನಿಂತ ಬೆಳೆಯೊಳಗೆ ಹೊಕ್ಕಳು. ಮೊದಲು ಅವಳ ಬೆನ್ನು ಕಾಣದಾಯಿತು, ಆಮೇಲೆ ಸೆರಗು.

ಹಗ್ಗ ಮಾತ್ರ ಸರಿಯುತ್ತಲೇ ಇತ್ತು. ಸರಿದು ಸರಿದು ಬಿಗಿಯಾಯಿತು. ಆಚೆಯಿಂದ ಕಾಣದ ಕೈಯೊಂದು ಜಗ್ಗಿತು. ವೈಜನಾಥ ಎರಡೂ ಕೈಯಿಂದ ಹಿಡಿದು, ಹಿಮ್ಮಡಿ ಮಣ್ಣಿಗೆ ಊರಿ ನಿಂತ.