ನಿನ್ನೆಯ ಕರೆಂಟು ಕುಡಿದ ಕೆಂಪಿ

ಹೊರಮಾವಿನ ಹುಣಸೆಮರದ ಬೀದಿಗೆ ಎರಡು ಲೈನಿನಿಂದ ಕರೆಂಟು ಬರುತ್ತಿತ್ತು. ಎಡಗಡೆ ಮನೆಗಳಿಗೆ ಒಂದು ಲೈನು, ಬಲಗಡೆ ಮನೆಗಳಿಗೆ ಇನ್ನೊಂದು. ಎಡಗಡೆ ಹೋದಾಗ ಬಲಗಡೆ ಇರುತ್ತಿತ್ತು. ಬಲಗಡೆ ಹೋದಾಗ ಎಡಗಡೆ. ನಡುವೆ ಇದ್ದದ್ದು ಹನ್ನೆರಡು ಅಡಿ ರಸ್ತೆ ಅಷ್ಟೇ. ಆದರೂ ಕರೆಂಟು ಹೋದವರು ಎದುರು ಮನೆಯ ಫ್ಯಾನು ತಿರುಗುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದು ತಪ್ಪುತ್ತಿರಲಿಲ್ಲ. ಇದು ೨೦೦೪ರ ಬೇಸಿಗೆಯ ಮಾತು.

ಎಡಗಡೆಯ ಹಳೇ ಮನೆ ಅಕ್ಕಯಮ್ಮನದು. ಹೊಲವೆಲ್ಲ ಸೈಟುಗಳಾಗಿ ಹೋಗಿದ್ದರೂ ಆಕೆ ಹಸು ಬಿಟ್ಟಿರಲಿಲ್ಲ. ಹಿತ್ತಲಿನಲ್ಲಿ ಕೆಂಪಿ ಸೇರಿ ಐದು ಹಸು, ಒಳ್ಳೆ ನೀರಿನ ಬೋರು, ಅದಕ್ಕೆ ಏಳೂವರೆ ಎಚ್‌ಪಿ ಮೋಟರು. ಕರೆಂಟು ಬಂತು ಅಂದರೆ ಸಾಕು, ಅಕ್ಕಯಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನೂ ಉಗಿಯದೆ ಓಡಿ ಹೋಗಿ ಮೋಟರ್ ಸ್ವಿಚ್ ಒತ್ತುತ್ತಿದ್ದಳು. ಆರಿಸುವ ಪ್ರಶ್ನೆಯೇ ಇಲ್ಲ. ಟ್ಯಾಂಕು ತುಂಬಿ, ಮೇಲಿನ ಪೈಪಿನಿಂದ ನೀರು ದಬದಬ ರಸ್ತೆಗೆ ಬಿದ್ದು, ಹೋಗುವ ಆಟೋದವರು ಬೈದುಕೊಂಡು ಹೋದರೂ ಇಲ್ಲ.

"ಅತ್ತೆ, ತುಂಬಿ ಅರ್ಧ ಗಂಟೆ ಆಯ್ತು," ಎನ್ನುತ್ತಿದ್ದಳು ಸೊಸೆ ರಮ್ಯ.

"ಹರೀಲಿ ಬಿಡೇ. ಬಂದಾಗ ಬಾಚ್ಕೋಬೇಕು. ನಮ್ಮ ಬೋರು, ನಮ್ಮ ಮೋಟರು, ನಮ್ಮ ಕರೆಂಟು."

ಬಲಗಡೆ ಎದುರಿಗೇ ಮೂರು ಅಂತಸ್ತಿನ ಮನೆ. ಶಿವಾಜಿನಗರದಿಂದ ಬಂದು ಅಲ್ಲಿ ಮನೆ ಕಟ್ಟಿಸಿದ ನಯಾಜ್, ಅವನ ಹೆಂಡತಿ ಉಮ್ಮೆ ಕುಲ್ಸುಂ, ಮಗಳು ಸಾಮಿಯಾ. ನಯಾಜನಿಗೆ ಶಿವಾಜಿನಗರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಊರಿನ ಮೋಟರೆಲ್ಲ ರಿಪೇರಿ ಮಾಡುವ ಆ ಮನುಷ್ಯನ ಮನೆಯಲ್ಲಿ ಇದ್ದದ್ದು ಮಾತ್ರ ಒಂದು ಎಚ್‌ಪಿಯ ಪುಟ್ಟ ಮೋಟರು. ಟ್ಯಾಂಕೋ ಆನೆಯಷ್ಟು ದೊಡ್ಡದು, ಮೂರನೇ ಮಹಡಿಯ ಮೇಲೆ. ಅದು ಅರ್ಧ ತುಂಬುವಷ್ಟರಲ್ಲಿ ಅವರ ಕಡೆ ಕರೆಂಟು ಹೋಗಿಬಿಡುತ್ತಿತ್ತು.

ಪ್ರತಿ ಶನಿವಾರ ಮಧ್ಯಾಹ್ನ ಮಹಿಳಾ ಸಂಘ ಸೇರುತ್ತಿದ್ದದ್ದು ಅಕ್ಕಯಮ್ಮನ ಜಗಲಿಯ ಮೇಲೆ. ಆ ಶನಿವಾರ ರಮ್ಯ ಒಂದು ಕರಪತ್ರ ತಂದಿದ್ದಳು. ಗಾಳಿ, ನೀರುಗಳಿಂದ ಬರುವ ವಿದ್ಯುತ್ತನ್ನು ಕೂಡಿಡುವುದು ಹೇಗೆ, ನೆರೆಯ ದೇಶಗಳು ಅದನ್ನು ಹಂಚಿಕೊಂಡರೆ ಏನು ಲಾಭ ಎಂದು ಅದರಲ್ಲಿ ಬರೆದಿತ್ತು. ರಮ್ಯ ನಾಲ್ಕು ಸಾಲು ಓದಿರಲಿಲ್ಲ, ಅಕ್ಕಯಮ್ಮ ಕೈ ಎತ್ತಿದಳು.

"ಸಾಕು ನಿಲ್ಸೇ! ನಮಗೇ ಇಲ್ಲಿ ಗತಿ ಇಲ್ಲ, ಪಕ್ಕದ ದೇಶಕ್ಕೆ ಕರೆಂಟು ಕೊಡ್ತಾರಂತೆ. ಯಾವ ಸೀಮೆ ನ್ಯಾಯ ಇದು?"

"ಅದನ್ನೇ ನಾನೂ ಅಂದಿದ್ದು," ಎಂದಳು ಮೂಲೆಮನೆ ಅಣ್ಣಮ್ಮ.

ಹೆಂಡತಿಯ ಹತ್ತಿರ ಬೀಗದಕೈ ಕೇಳಲು ಬಂದಿದ್ದ ನಯಾಜ್ ಗೇಟಿನಲ್ಲೇ ನಿಂತು ನಕ್ಕ. "ಕೊಡೋದಷ್ಟೇ ಅಲ್ಲಮ್ಮ, ತಗೊಳ್ಳೋದೂ ಇದೆ. ನಾನು ಎರಡು ವರ್ಷ ಭೂತಾನಲ್ಲಿ ಪವರ್‌ಹೌಸಲ್ಲಿ ವೈಂಡಿಂಗ್ ಕೆಲಸಕ್ಕಿದ್ದೆ. ಮಳೆಗಾಲದಲ್ಲಿ ಅಲ್ಲಿನ ನದಿ ನೋಡ್ಬೇಕು ನೀವು, ಎದೆ ನಡುಗುತ್ತೆ. ಅಷ್ಟೊಂದು ಕರೆಂಟು ಆ ಪುಟ್ಟ ದೇಶ ಏನು ಮಾಡುತ್ತೆ? ಮಿಕ್ಕಿದ್ದು ನಮ್ಮ ದೇಶಕ್ಕೆ ಬರುತ್ತೆ. ಚಳಿಗಾಲ ಬಂತು ಅಂದ್ರೆ ಅದೇ ನದಿ ಬಡಕಲಾಗುತ್ತೆ. ಆಗ ಅವರಿಗೆ ಕಮ್ಮಿ ಬಿದ್ರೆ ಇಲ್ಲಿಂದ ಹೋಗುತ್ತೆ."

"ನಮ್ಮ ಹತ್ರ ಎಲ್ಲಪ್ಪ ಮಿಕ್ಕಿದೆ, ಅಲ್ಲಿಗೆ ಹೋಗೋಕೆ?"

"ಒಂದೊಂದು ಹೊತ್ತಲ್ಲಿ ಮಿಗುತ್ತೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿ ಫ್ಯಾನು ಹಾಕಿದ್ದಾರಲ್ಲ, ಗಾಳಿ ನಮ್ಮನ್ನ ಕೇಳ್ಕೊಂಡು ಬೀಸುತ್ತಾ? ನಮಗೆ ಬೇಡದ ಹೊತ್ತಲ್ಲಿ ಜೋರಾಗಿ ಬೀಸುತ್ತೆ. ಆ ಕರೆಂಟನ್ನ ಡಬ್ಬಿಗೆ ತುಂಬಿ ಅಟ್ಟದ ಮೇಲೆ ಇಡೋಕಾಗಲ್ಲ. ಆದ್ರೆ ಆ ಹೊತ್ತಿಗೆ ಡ್ಯಾಮಿನ ಗೇಟು ಮುಚ್ಚಿದ್ರೆ ಅಷ್ಟು ನೀರು ಉಳೀತು. ಇನ್ನೂ ಒಂದು ದಾರಿ ಇದೆ. ಮಿಕ್ಕ ಕರೆಂಟಲ್ಲಿ ಕೆಳಗಿನ ಕೆರೆ ನೀರನ್ನ ಬೆಟ್ಟದ ಮೇಲಿನ ಕೆರೆಗೆ ಹತ್ತಿಸಿ ಇಟ್ಕೋಬಹುದು. ಬೇಕಾದಾಗ ಕೆಳಗೆ ಬಿಟ್ರೆ ಅದೇ ಮೋಟರು ಉಲ್ಟಾ ತಿರುಗಿ ಕರೆಂಟು ವಾಪಸ್ ಕೊಡುತ್ತೆ."

"ಪೂರ್ತಿ ವಾಪಸ್ ಬರುತ್ತಾ?" ಎಂದು ಕೇಳಿದಳು ರಮ್ಯ.

"ಪೂರ್ತಿ ಬರಲ್ಲಮ್ಮ. ಹತ್ರಲ್ಲಿ ಏಳೋ ಎಂಟೋ ಬರುತ್ತೆ. ಸುಮ್ನೆ ಹಾಳಾಗೋದಕ್ಕಿಂತ ಅದು ವಾಸಿ ಅಲ್ವಾ?"

"ಉಲ್ಟಾ ತಿರುಗುತ್ತಂತೆ! ನನ್ನ ಮೋಟರು ಸೀದಾ ತಿರುಗಿದ್ರೆ ಸಾಕಪ್ಪ ನನಗೆ," ಎಂದಳು ಅಕ್ಕಯಮ್ಮ. ಎಲ್ಲರೂ ಹೋ ಎಂದು ನಕ್ಕರು.

ಆ ನಗುವಿನಲ್ಲೇ ಉಮ್ಮೆ ಕುಲ್ಸುಂ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. "ಅಮ್ಮಾ, ನಮ್ಮಿಬ್ಬರ ಮನೆ ಮಧ್ಯೆ ಒಂದು ಪೈಪು ಹಾಕಿಸಿದ್ರೆ ಹೇಗೆ? ನಿಮ್ಮ ಟ್ಯಾಂಕು ತುಂಬಿದ ಮೇಲೆ ನೀರು ರಸ್ತೆಗೆ ಹೋಗುತ್ತಲ್ಲ, ಅದನ್ನ ನಮ್ಮ ಟ್ಯಾಂಕಿಗೆ ಹತ್ತಿಸ್ಬಹುದು. ನಿಮ್ಮ ಕಡೆ ಕರೆಂಟು ಇಲ್ಲದಾಗ ನಾವು ಮೇಲಿಂದ ಬಿಡ್ತೀವಿ."

ಅಕ್ಕಯಮ್ಮನ ಮುಖ ಬಿಗಿಯಿತು. "ಇವತ್ತು ಪೈಪು ಅಂತೀರ. ನಾಳೆ ಬೋರೇ ನಮ್ಮದು ಅಂತೀರ. ನಾನು ಕಾಣದ್ದಾ?"

ಆಡಬಾರದ ಮಾತು ಅದು. ಉಮ್ಮೆ ಕುಲ್ಸುಂ ಕೈಯಲ್ಲಿದ್ದ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ರಸ್ತೆ ದಾಟಿ ಹೋದಳು.

ಮಂಗಳವಾರ ಸಂಜೆ ಢಮಾರ್ ಅಂತ ಸದ್ದಾಯಿತು. ಎಡಗಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿತ್ತು. ಬೇರೆ ತಂದು ಕೂರಿಸಲು ನಾಲ್ಕು ದಿನವಾದರೂ ಬೇಕು ಎಂದರು ಲೈನಿನವರು. ಅಕ್ಕಯಮ್ಮ ಲೆಕ್ಕ ಮಾಡಲಿಲ್ಲ, ಟ್ಯಾಂಕು ತುಂಬಾ ನೀರಿದೆಯಲ್ಲ ಎಂದುಕೊಂಡಳು. ಐದು ಹಸು ಬಿರುಬೇಸಿಗೆಯಲ್ಲಿ ಎಷ್ಟು ಕುಡಿಯುತ್ತವೆ? ಬುಧವಾರ ರಾತ್ರಿಗೆಲ್ಲ ಟ್ಯಾಂಕಿನ ತಳ ಕಂಡಿತು. ನೀರಿನ ಟ್ಯಾಂಕರಿನವನು ಬೆಳಗ್ಗೆ ಅಂದ, ಆಮೇಲೆ ಮಧ್ಯಾಹ್ನ ಅಂದ, ಕೊನೆಗೆ ಫೋನೇ ಎತ್ತಲಿಲ್ಲ. ಅವನ ಗಾಡಿಗಳೆಲ್ಲ ಅಪಾರ್ಟ್‌ಮೆಂಟುಗಳ ಕಡೆ ಓಡುತ್ತಿದ್ದವು.

ಗುರುವಾರ ಮಧ್ಯಾಹ್ನ. ಕೆಂಪಿಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಕರು ಹಾಕಬೇಕು. ಬೆಳಗಿನಿಂದ ಅದಕ್ಕೆ ಸಿಕ್ಕಿದ್ದು ಅರ್ಧ ಬಕೆಟ್ಟು ನೀರು. ಮೂತಿ ಒಣಗಿ, ನಾಲಗೆ ಹೊರಗೆ ಹಾಕಿ ಏದುತ್ತಿತ್ತು. ಪಶುವೈದ್ಯ ಪ್ರೇಮ್‌ಕುಮಾರ್ ಬಂದು ನೋಡಿ, "ಅಮ್ಮ, ಈ ಹೊತ್ತಲ್ಲಿ ನೀರು ತಪ್ಪಿಸಿದ್ರೆ ತಾಯಿನೂ ಉಳಿಯೋದು ಕಷ್ಟ, ಕರುನೂ ಉಳಿಯೋದು ಕಷ್ಟ," ಎಂದು ನೇರವಾಗಿ ಹೇಳಿ ಹೋಗಿದ್ದರು. ಅಕ್ಕಯಮ್ಮ ಅದರ ಕುತ್ತಿಗೆ ಸವರುತ್ತಾ ಕೂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಎದುರು ಮನೇಲಿ ಕೇಳ್ಕೊಂಡ್ ಬರ್ಲಾ ಅತ್ತೆ?"

"ಯಾವ ಮುಖ ಇಟ್ಕೊಂಡು ಕೇಳ್ತೀಯೇ?"

ಮಗ ಮುನಿರಾಜಪ್ಪ ಅಮ್ಮನನ್ನು ಕೇಳುತ್ತಾ ಕೂರಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಅವನದು ಹಾರ್ಡ್‌ವೇರ್ ಅಂಗಡಿ. ಅಲ್ಲಿಂದ ಒಂದು ಸುತ್ತು ವೈರು ಹೆಗಲಿಗೆ ಹಾಕಿಕೊಂಡು ಸೀದಾ ನಯಾಜನ ಮನೆಗೆ ನುಗ್ಗಿದ. "ನಯಾಜಣ್ಣ, ನಿಮ್ಮ ಮೀಟರಿಂದ ಒಂದು ವೈರ್ ಎಳ್ಕೊಳ್ಳಾ? ಒಂದು ಗಂಟೆ ಮೋಟರ್ ಓಡಿಸ್ಕೋತೀನಿ."

"ಹುಚ್ಚಾ ನಿನಗೆ? ನಿಮ್ಮ ಮೋಟರಿನ ಹೊರೆಗೆ ನಮ್ಮ ಮನೆ ವೈರಿಂಗೇ ಸುಟ್ಟುಹೋಗುತ್ತೆ. ರಸ್ತೆ ಮೇಲೆ ವೈರ್ ಎಳೆದ್ರೆ ಯಾರಾದ್ರೂ ಸಾಯ್ತಾರೆ ಮಗಾ. ಅದು ಅಪರಾಧಾನೂ ಹೌದು. ಅದೂ ಅಲ್ದೆ ಈಗ ನಮ್ಮ ಕಡೇನೂ ಕರೆಂಟು ಇಲ್ಲ. ವೈರ್ ಇಡು. ನೀರು ತಗೊಂಡ್ಹೋಗು."

ಅವನ ಮಾತು ಮುಗಿಯುವಷ್ಟರಲ್ಲಿ ಉಮ್ಮೆ ಕುಲ್ಸುಂ ಮೆಟ್ಟಿಲ ಕೆಳಗಿದ್ದ ಹಸಿರು ಪೈಪಿನ ಸುರುಳಿ ಬಿಚ್ಚುತ್ತಿದ್ದಳು. ಒಂದು ತುದಿ ಮಹಡಿಯ ಟ್ಯಾಂಕಿಗೆ, ಇನ್ನೊಂದು ತುದಿ ರಸ್ತೆಯ ಆಚೆ ಕೊಟ್ಟಿಗೆಗೆ. ಗಂಡ ಹೆಂಡತಿ ಇಬ್ಬರೂ ಅದರ ಜೊತೆಗೇ ಬಂದರು. ಎರಡು ನಿಮಿಷದಲ್ಲಿ ಬಾನಿಯೊಳಗೆ ನೀರು ಧಾರೆಯಾಗಿ ಬಿತ್ತು. ಕೆಂಪಿ ಮೊದಲು ಮೂಸಿತು. ಆಮೇಲೆ ಮೂತಿ ಮುಳುಗಿಸಿ ಕುಡಿಯಿತು ನೋಡಿ, ತಲೆಯೇ ಎತ್ತಲಿಲ್ಲ. ಅಕ್ಕಯಮ್ಮನಿಗೆ ಹೋದ ಜೀವ ಬಂದಂತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಆಕೆ ಎದುರು ಮನೆಯ ಕಡೆ ನೋಡಿದಳು. ಅಲ್ಲಿ ಫ್ಯಾನು ನಿಂತಿತ್ತು.

"ಅಲ್ಲ ನಯಾಜ್, ನಿಮ್ಮ ಕಡೇನೂ ಕರೆಂಟು ಇಲ್ಲವಲ್ಲ. ಮತ್ತೆ ನೀರು ಹೇಗಪ್ಪ ಇಷ್ಟು ಜೋರಾಗಿ ಬರ್ತಾ ಇದೆ?"

"ನಿನ್ನೆ ಬಂದಿತ್ತಲ್ಲಮ್ಮ ಕರೆಂಟು. ನಮ್ಮ ಪುಟ್ಟ ಮೋಟರು ಮೂರು ಗಂಟೆ ಒದ್ದಾಡಿ ಮೇಲೆ ಹತ್ತಿಸಿತ್ತು. ನಿನ್ನೆ ಕರೆಂಟೇ ನೀರಾಗಿ ಮೇಲೆ ಕೂತಿತ್ತು. ಈಗ ಇಳೀತಾ ಇದೆ."

ಅಕ್ಕಯಮ್ಮ ಬಾನಿ ನೋಡಿದಳು. ಮೂರನೇ ಮಹಡಿಯ ಟ್ಯಾಂಕು ನೋಡಿದಳು. ಮತ್ತೆ ಬಾನಿ ನೋಡಿದಳು.

"ಅಂದ್ರೆ ಶನಿವಾರ ನೀನು ಹೇಳಿದ್ದು ಇದೇನಾ? ಬೆಟ್ಟದ ಮೇಲಿನ ಕೆರೆ?"

"ಇದೇ ಅಮ್ಮ. ಭೂತಾನ್, ನೇಪಾಳದವರ ಹತ್ರ ಎತ್ತರ ಇದೆ, ನದಿ ಇದೆ. ನಮ್ಮ ಹತ್ರ ಗಾಳಿ ಇದೆ, ಬಿಸಿಲಿದೆ. ನಮ್ಮ ಟ್ಯಾಂಕು ಎತ್ತರ, ನಿಮ್ಮ ಮೋಟರು ಜೋರು. ಎರಡೂ ಒಂದೇ ಕಡೆ ಇರಲ್ಲ. ಅದಕ್ಕೇ ಮಧ್ಯೆ ಲೈನು ಬೇಕು."

ಅಕ್ಕಯಮ್ಮ ಅಷ್ಟಕ್ಕೆಲ್ಲ ಪೂರ್ತಿ ಸೋಲುವವಳಲ್ಲ. "ಸರಿ. ಆ ದೇಶದವರು ಸಿಟ್ಟು ಮಾಡ್ಕೊಂಡು ಗೇಟು ಮುಚ್ಚಿದ್ರೆ?"

"ಮಳೆಗಾಲದಲ್ಲಿ ಮುಚ್ಚಿದ್ರೆ ಅವರಿಗೇ ನಷ್ಟ, ಚಳಿಗಾಲದಲ್ಲಿ ನಮ್ಮನ್ನ ಕೇಳೋ ಬಾಯೂ ಇರಲ್ಲ. ಇಬ್ಬರಿಗೂ ಬೇಕಾದಾಗ ಒಪ್ಪಂದ ಗಟ್ಟಿ ಇರುತ್ತೆ. ಮಧ್ಯೆ ಮೀಟರೂ ಇರುತ್ತೆ, ಯಾರು ಎಷ್ಟು ಕೊಟ್ರು ಅಂತ ಎರಡೂ ಕಡೆ ಬರ್ಕೋತಾರೆ."

"ಇನ್ನೊಂದು ಕೇಳ್ತೀನಿ. ರಿಂಗ್ ರೋಡಿಗೆ ನಮ್ಮ ಜಮೀನು ಹೋಗಿದೆ, ಅದರ ಸಂಕಟ ನನಗೆ ಗೊತ್ತು. ಈ ಡ್ಯಾಮು ಕಟ್ಟೋಕೆ ಯಾರ ಜಮೀನು ಹೋಗುತ್ತೆ?"

ನಯಾಜ್ ಈ ಸಲ ನಗಲಿಲ್ಲ. "ಹೋಗುತ್ತಮ್ಮ, ಸುಳ್ಳು ಹೇಳಲ್ಲ. ನದಿಗೂ ಮೀನಿಗೂ ತೊಂದ್ರೆ ಆಗುತ್ತೆ. ಅದಕ್ಕೇ ಕಟ್ಟೋ ಮುಂಚೆ ಕೇಳ್ಬೇಕು. ಅಲ್ಲಿ ಇರೋರನ್ನ ಕೇಳ್ಬೇಕು, ಪರಿಹಾರ ಮೊದಲು ಕೊಡ್ಬೇಕು. ಈಗಾಗ್ಲೇ ಇರೋ ಡ್ಯಾಮನ್ನ ಬುದ್ಧಿಯಿಂದ ಬಳಸಿದ್ರೆ ಹೊಸದು ಅಷ್ಟು ಕಮ್ಮಿ ಸಾಕು."

"ಇದು ಮನುಷ್ಯರ ಮಾತು," ಎಂದಳು ಅಕ್ಕಯಮ್ಮ. ಆಮೇಲೆ ಎದ್ದು, ಪೈಪು ಹಿಡಿದು ನಿಂತಿದ್ದ ಉಮ್ಮೆ ಕುಲ್ಸುಮಳ ಹತ್ತಿರ ಹೋದಳು. "ಅವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣಮ್ಮ. ಹೊಟ್ಟೇಲಿ ಹಾಕ್ಕೋ."

"ಅರೆ, ಬಿಡಿ ಅಮ್ಮಾ. ಕೆಂಪಿ ಹಾಲು ಕುಡಿದೇ ನಮ್ಮ ಸಾಮಿಯಾ ಬೆಳೆದಿರೋದು. ಕೆಂಪಿಗೆ ನೀರು ಕೊಡೋಕೆ ನಾನು ಯಾರ ಮಾತು ನೆನಪಿಟ್ಕೋಬೇಕು?"

ಅಕ್ಕಯಮ್ಮ ಉಮ್ಮೆ ಕುಲ್ಸುಮಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಅಳುವಾಗ ಅಳಬೇಕು, ಅದರಲ್ಲೇನು ನಾಚಿಕೆ.

ಶುಕ್ರವಾರ ಬೆಳಗ್ಗೆ ಕೆಂಪಿ ಹೆಣ್ಣು ಕರು ಹಾಕಿತು. ತಾಯಿ, ಕರು ಎರಡೂ ಗಟ್ಟಿಮುಟ್ಟು. ಸಾಮಿಯಾ ಅದಕ್ಕೆ ಭೂತಾನಿ ಎಂದು ಹೆಸರಿಟ್ಟಳು. "ಇದೆಂಥಾ ಹೆಸರೇ" ಎಂದು ಬೈಯುತ್ತಲೇ ಅಕ್ಕಯಮ್ಮ ಅದೇ ಹೆಸರು ಕರೆಯತೊಡಗಿದಳು.

ಶನಿವಾರ ಟ್ರಾನ್ಸ್‌ಫಾರ್ಮರ್ ಬಂತು. ಅಷ್ಟರಲ್ಲಿ ಮುನಿರಾಜಪ್ಪ ಎರಡೂ ಮನೆಗಳ ಮಾಳಿಗೆಗಳ ನಡುವೆ, ಕರೆಂಟಿನ ತಂತಿಗಳಿಂದ ದೂರವಾಗಿ, ಗಟ್ಟಿ ಪೈಪು ಕಟ್ಟಿಸಿದ್ದ. ಈ ಕಡೆ ಒಂದು ವಾಲ್ವು, ಆ ಕಡೆ ಒಂದು ವಾಲ್ವು. ಕರೆಂಟು ಬಂತು. ಅಕ್ಕಯಮ್ಮ ಓಡಿದಳು, ಮೋಟರು ಹಾಕಿದಳು. ತನ್ನ ಟ್ಯಾಂಕು ತುಂಬಿದ್ದೇ ತಡ, ತಾನೇ ಮೇಲೆ ಹತ್ತಿ ವಾಲ್ವು ತಿರುಗಿಸಿದಳು. ನೀರು ರಸ್ತೆ ದಾಟಿ ಎದುರು ಮನೆಯ ಮೂರನೇ ಮಹಡಿಗೆ ಹತ್ತಿತು. ಆ ಆನೆಯಂಥ ಟ್ಯಾಂಕು ಮೊದಲ ಸಲ ಕಂಠಪೂರ್ತಿ ತುಂಬಿತು. ತುಂಬಿದ ತಕ್ಷಣ, ಕೇಳಿ, ಅಕ್ಕಯಮ್ಮ ಮೋಟರು ಆರಿಸಿದಳು! ರಮ್ಯ ಅತ್ತೆಯ ಹಣೆ ಮುಟ್ಟಿ ಜ್ವರ ಬಂದಿದೆಯಾ ಎಂದು ನೋಡಿದಳು.

ಮಧ್ಯಾಹ್ನ ಸಂಘ ಸೇರಿತು. ರಮ್ಯ ಅರ್ಧಕ್ಕೆ ನಿಂತಿದ್ದ ಕರಪತ್ರ ಮತ್ತೆ ತೆಗೆದಳು. ಅಣ್ಣಮ್ಮ ಮೂತಿ ತಿರುಗಿಸಿದಳು. "ಶುರುವಾಯ್ತಾ ಮತ್ತೆ? ನಮಗೇ ಇಲ್ಲ, ಪಕ್ಕದ ದೇಶಕ್ಕೆ ಕೊಡ್ತಾರಂತೆ."

ಅಕ್ಕಯಮ್ಮ ಕರುವಿನ ಮೈ ಸವರುತ್ತಾ ಬೀದಿಯ ಮೂಲೆ ಕಡೆ ಕಿವಿಗೊಟ್ಟಳು. ದಬದಬ ಅಂತ ನೀರು ಬೀಳುವ ಸದ್ದು ಕೇಳಿಸುತ್ತಿತ್ತು.

"ಅಣ್ಣಮ್ಮ, ನಿನ್ನ ಟ್ಯಾಂಕು ತುಂಬಿ ರಸ್ತೆಗೆ ಹರೀತಾ ಇದೆ. ಮೊದ್ಲು ಹೋಗಿ ಮೋಟರ್ ಆರಿಸಿ ಬಾ. ಆಮೇಲೆ ದೇಶದ ವಿಷಯ ಮಾತಾಡೋಣ."

ಅಕ್ಕ, ತಂಗಿ, ಅಣ್ಣ, ತಮ್ಮ, ಇದನ್ನು ಓದುತ್ತಿರುವ ನಿಮ್ಮ ಬೀದಿಯಲ್ಲೂ ಆ ಸದ್ದು ಕೇಳಿಸುತ್ತಿದೆಯೇ? ಹಾಗಿದ್ದರೆ ಈಗಲೇ ಎದ್ದು ಹೋಗಿ ಆರಿಸಿ. ಸಂಜೆ ಆರರಿಂದ ಹತ್ತರವರೆಗೆ ಊರೆಲ್ಲ ದೀಪ ಹಾಕುವ ಹೊತ್ತು, ಆಗ ಮೋಟರು, ಗೀಸರು ಹಾಕಬೇಡಿ. ನೀವು ಉಳಿಸಿದಷ್ಟು ಕರೆಂಟು ಯಾವುದೋ ಅಣೆಕಟ್ಟಿನಲ್ಲಿ ನೀರಾಗಿ ನಾಳೆಗೆ ಕೂತಿರುತ್ತದೆ. ನೆರೆಯ ದೇಶದ ಜೊತೆ ವಿದ್ಯುತ್ ಹಂಚಿಕೊಳ್ಳುವ ಮಾತು ಬಂದಾಗ ಬೇಡ ಎಂದು ಬಾಗಿಲು ಹಾಕುವ ಮೊದಲು ವಿಚಾರಿಸಿ: ಅವರು ಯಾವಾಗ ಕೊಡುತ್ತಾರೆ, ನಾವು ಯಾವಾಗ ಕೊಡುತ್ತೇವೆ, ಯಾರಿಗೂ ಅನ್ಯಾಯವಾಗದ ಹಾಗೆ ಒಪ್ಪಂದ ಇದೆಯೇ? ಉತ್ತರ ಸರಿಯಿದ್ದರೆ ಧೈರ್ಯವಾಗಿ ಹೂಂ ಎನ್ನಿ. ನಿಮ್ಮ ಮನೆಯ ಕೆಂಪಿಗೆ ಯಾವತ್ತು ಬಾಯಾರುತ್ತದೋ, ಆವತ್ತು ಎದುರು ಮನೆಯ ಟ್ಯಾಂಕಿನಲ್ಲಿ ನೀರಿರಬೇಕು.